ರಾಜನ ಕೊರಳಿಗೊಂದು ಸಂಖ್ಯೆಯ ಹಾರ

ಗಣಿತವೆಂದ ಕೂಡಲೇ ಪುಟ ತಿರುವಬೇಡಿ! ನಾನು ಹೇಳಹೊರಟಿರುವುದು 12345654321 ಎಂಬ ಒಂದೇ ಒಂದು ಸಂಖ್ಯೆಯ ವಿಷಯ. ಅದಕ್ಕೂ ನಮ್ಮ ಕನ್ನಡ ನಾಡಿಗೂ ಹಳೆಯ ನಂಟು.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 'ಕವಿರಾಜಮಾರ್ಗ' ಹುಟ್ಟಿದ ಆ ಕಾಲದಲ್ಲೇ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ ಅದರಲ್ಲಿದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳನ್ನು ಅವರು ಕಂಠಾಭರಣಕ್ಕೆ ಹೋಲಿಸಿದ್ದಾರೆ.

ಹಾರದ ಮಣಿಗಳನ್ನು ಬಿಡಿಸಿ ನೋಡೋಣ. 111111ನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಆದ್ದರಿಂದ ಇದು ಪೂರ್ಣವರ್ಗ. 111111 ಎಂದರೆ 3, 7, 11, 13 ಮತ್ತು 37ರ ಗುಣಲಬ್ಧ. ಹಾಗಾಗಿ ನಮ್ಮ ಸಂಖ್ಯೆಗೆ ಒಟ್ಟು 243 ಭಾಜಕಗಳು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ 13029870672, ಅಂದರೆ ಮೂಲ ಸಂಖ್ಯೆಗಿಂತ ಹೆಚ್ಚು! ಇಂಥದ್ದಕ್ಕೆ ಸಮೃದ್ಧ ಸಂಖ್ಯೆ ಎಂದು ಹೆಸರು. ಬೆಸ ಸಂಖ್ಯೆಗಳಲ್ಲಿ ಈ ಗುಣ ಅಪರೂಪ. ಅವುಗಳಲ್ಲಿ ಮೊಟ್ಟಮೊದಲನೆಯದೇ 945.

ಎಲ್ಲ ಸಂಖ್ಯೆಗಳೂ ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. 1999ರ ಆಗಸ್ಟಿನಲ್ಲಿ ನಮ್ಮ ಆಮ್‌ಸ್ಟರ್‌ಡ್ಯಾಮಿನ ಸಿ.ಡಬ್ಲ್ಯು.ಐ. ಸಂಸ್ಥೆಯ ಹರ್ಮನ್ ಟೆ ರೀಲೆ ನೇತೃತ್ವದ ತಂಡ 155 ಅಂಕಿಗಳ ಸಂಖ್ಯೆಯೊಂದನ್ನು ಒಡೆಯಿತು. ಸಿಕ್ಕಿದ್ದು 78 ಅಂಕಿಗಳ ಎರಡು ಅವಿಭಾಜ್ಯಗಳು. ಅದಕ್ಕೆ ಸುಮಾರು 300 ಗಣಕಯಂತ್ರಗಳು ತಿಂಗಳುಗಟ್ಟಲೆ ದುಡಿದವು. ಅಂತರ್ಜಾಲದ ಬೀಗಗಳಿಗೆ ಆ ಅಳತೆಯ ಸಂಖ್ಯೆ ಇನ್ನು ಸಾಲದು ಎಂದು ಜಗತ್ತಿಗೆ ಅಂದು ಮನವರಿಕೆಯಾಯಿತು.

ಮೇಲಿನ ಪಟ್ಟಿಯಲ್ಲಿದ್ದ 11 ನಮಗೆಲ್ಲ ಇಲ್ಲಿ ಕಾವಲುಗಾರ. ನಮ್ಮ ಬಿ.ಎಸ್.ಎನ್. ಸಂಖ್ಯೆಯ ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 9, 8, 7 ಹೀಗೆ 2ರವರೆಗೆ ಗುಣಿಸಿ ಕೂಡಿ, ಕೊನೆಯ ಅಂಕಿಯನ್ನು ಕಳೆಯಿರಿ. ಉತ್ತರ 11ರಿಂದ ಭಾಗವಾಗಲೇಬೇಕು. 111222333ಕ್ಕೆ 66 ಬರುತ್ತದೆ, ಸರಿ. ಒಂದು ಅಂಕಿ ತಪ್ಪಿದರೂ, ಎರಡು ಅದಲುಬದಲಾದರೂ 'ಎಲ್ಫ್‌ಪ್ರೂಫ್' ಎಂಬ ಈ ಪರೀಕ್ಷೆ ಹಿಡಿದುಬಿಡುತ್ತದೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ನನ್ನ ಮಗಳು ಕನ್ನಡದಲ್ಲಿ ಇಪ್ಪತ್ತರವರೆಗೆ ಎಣಿಸಿ, ಆಮೇಲೆ 'ಒಂದು ಮತ್ತು ಇಪ್ಪತ್ತು' ಎನ್ನುವ ಡಚ್ ಲೆಕ್ಕಕ್ಕೆ ಹೊರಳುತ್ತಾಳೆ. ಅನೇಕ ಮನೆಗಳಲ್ಲಿ ಇದೇ ಕಥೆಯಿರಬಹುದು. ಮಾತೃಭಾಷೆಯಲ್ಲಿ ಮೊದಲು ಸವೆಯುವುದು ಸಂಖ್ಯೆಗಳೇ ಎಂದು ನನಗನ್ನಿಸುತ್ತದೆ. ಅಂಗಡಿ, ಶಾಲೆ, ಗಡಿಯಾರ ಎಲ್ಲವೂ ಡಚ್ಚಿನಲ್ಲೇ ಅಲ್ಲವೇ?

ಆದ್ದರಿಂದ ಈ ಹಬ್ಬಕ್ಕೆ ಮಕ್ಕಳಿಗೊಂದು ಪಂದ್ಯವಿಡಿ. ಮಹಾವೀರಾಚಾರ್ಯರ ಸಂಖ್ಯೆಯನ್ನು ಕನ್ನಡದಲ್ಲಿ ಓದಲಿ: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ತಡವರಿಸದೆ ಓದಿದವರಿಗೆ ಒಂದು ಹೋಳಿಗೆ ಹೆಚ್ಚು!