ಸುಕ್ಕಿಗೆ ಮದ್ದು ಡಬ್ಬಿಯಲ್ಲಿದೆಯೆ?

ಕನ್ನಡಿಯಲ್ಲಿ ಮೊದಲ ಸುಕ್ಕು ಕಂಡಾಗ ಯಾರ ಮನಸ್ಸೂ ಕೊಂಚ ಅಳುಕದಿರದು. ಆ ಅಳುಕನ್ನೇ ನಂಬಿ ಅಮೈನೊ ಆಮ್ಲಗಳ, ಕೊಲಾಜೆನ್ ಪುಡಿಯ ಡಬ್ಬಿಗಳು ಮಾರಾಟಕ್ಕೆ ಬಂದಿವೆ.

ಚರ್ಮದ ಬಿಗಿಯನ್ನು ಕಾಯುವ ಪ್ರೋಟೀನು ಕೊಲಾಜೆನ್. ಚನ್ನರಾಯಪಟ್ಟಣದ ಸೀಮೆಯಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುವುದನ್ನು ಕಂಡವರಿಗೆ ಅದರ ರಚನೆ ಸುಲಭವಾಗಿ ತಿಳಿದೀತು. ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಮೂರೆಳೆಯ ಹುರಿ ಅದು. ಪ್ರತಿ ಮೂರನೆಯ ಮಣಿ ಗ್ಲೈಸಿನ್. ವಯಸ್ಸೇರಿದಂತೆ ಹಳೆಯ ಹುರಿ ಸವೆಯುತ್ತದೆ, ಹೊಸತು ಸಾಕಷ್ಟು ಹುಟ್ಟದು.

ನುಂಗಿದ ಪುಡಿ ನೇರವಾಗಿ ಕೆನ್ನೆಗೆ ಹೋಗಿ ಸೇರುವುದಿಲ್ಲ. ಜಠರ, ಕರುಳುಗಳು ಅದನ್ನು ಬಿಡಿಮಣಿಗಳಾಗಿಯೂ ಚಿಕ್ಕ ತುಣುಕುಗಳಾಗಿಯೂ ಒಡೆಯುತ್ತವೆ. ದೇಹ ಅವನ್ನು ತನಗೆ ಬೇಕಾದೆಡೆಗೆ ಹಂಚುತ್ತದೆ. ಕೆಲವು ಪ್ರಯೋಗಗಳಲ್ಲಿ ಚರ್ಮದ ತೇವ ಕೊಂಚ ಹೆಚ್ಚಿದ್ದುಂಟು. ಆದರೆ ಅವುಗಳಲ್ಲಿ ಹಲವಕ್ಕೆ ಹಣವಿತ್ತವರು ತಯಾರಕರೇ!

ಹಾಸನ, ಹೊಳೆನರಸೀಪುರಗಳ ಅಡಿಗೆಮನೆ ಈ ಲೆಕ್ಕವನ್ನು ಎಂದೋ ಬಿಡಿಸಿದೆ. ರಾಗಿಯಲ್ಲಿ ಲೈಸಿನ್ ಕಡಿಮೆ. ಹುರುಳಿ, ಅವರೆಗಳಲ್ಲಿ ಧಾರಾಳ. ಕಾಳಿನಲ್ಲಿ ಕೊರತೆಯಾದ ಮೆಥಿಯೊನಿನ್ನನ್ನು ರಾಗಿ ತುಂಬಿಕೊಡುತ್ತದೆ. ಹುರಿ ಗಟ್ಟಿಯಾಗಲು ಸಿ ಜೀವಸತ್ವವೂ ಬೇಕು. ಅದಕ್ಕೆ ನೆಲ್ಲಿಕಾಯಿ, ಸೀಬೆಹಣ್ಣುಗಳಿವೆ.

55 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸು. ಎಲ್ಲರಿಗೂ ಕಾಳು ಬಡಿಸಿ, ತಳದ ತಿಳಿಯಲ್ಲಿ ಊಟ ಮುಗಿಸುವ ಅಜ್ಜಿಗೆ ಅದರಲ್ಲಿ ಎಷ್ಟು ದಕ್ಕೀತು?

ಅರಕಲಗೂಡಿನ ಸೀಮೆ ಹೊಗೆಸೊಪ್ಪಿಗೆ ಹೆಸರಾದದ್ದು. ಆ ಹೊಗೆಯೂ ನಡುಹಗಲ ಬಿಸಿಲೂ ಕೊಲಾಜೆನ್ನನ್ನು ಹಾಳುಮಾಡುವ ವೇಗಕ್ಕೆ ಯಾವ ಪುಡಿಯೂ ಸಮನಾಗದು. ಮೂತ್ರಪಿಂಡದ ಕಾಯಿಲೆಯುಳ್ಳವರಂತೂ ವೈದ್ಯರನ್ನು ಕೇಳದೆ ಡಬ್ಬಿಯ ಮುಚ್ಚಳ ತೆರೆಯಬಾರದು.