ಹುಳಿಹಿಟ್ಟಿನ ಬ್ರೆಡ್ಡೂ ಗೋಧಿ ಒಗ್ಗದ ಕರುಳೂ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹಾದಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ ಸಿಗುತ್ತದೆ. ಮಳೆ ಕಡಿಮೆಯಾದ ಈ ಸೀಮೆಯ ಹಳೆಯ ಆಹಾರವೆಂದರೆ ರಾಗಿ, ಜೋಳ, ನವಣೆಗಳು. ಇಲ್ಲಿಯ ಅಡುಗೆಮನೆಗೆ ಹುಳಿಯುವಿಕೆಯೇನೂ ಹೊಸದಲ್ಲ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುವುದನ್ನು ನೋಡದವರಾರು? ಗೋಧಿಯ ಹಿಟ್ಟನ್ನೂ ಹೀಗೆಯೇ ಹುಳಿಸಿ ಬ್ರೆಡ್ಡು ಮಾಡುವುದುಂಟು. ಹುಳಿಸಿದಾಗ ಗೋಧಿಯ ದೋಷ ಕಳೆಯುವುದರಿಂದ, ಸೀಲಿಯಾಕ್ ರೋಗಿಗಳೂ ಈ ಬ್ರೆಡ್ಡನ್ನು ತಿನ್ನಬಹುದೆಂದು ಕೆಲವರು ಹೇಳುತ್ತಾರೆ. ಇದು ನಿಜವೆ?

ಮೊದಲು ರೋಗವನ್ನು ತಿಳಿಯೋಣ. ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ ಗೋಧಿಯ ಮೇಲೆ ಮೊದಲೇ ಸಂಶಯಪಟ್ಟಿದ್ದನು. 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ಡು ದುರ್ಲಭವಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದೊಡನೆ ರೋಗವೂ ಮರಳಿತು. 1950ರಲ್ಲಿ ಅವನು ತನ್ನ ಪ್ರೌಢಪ್ರಬಂಧದಲ್ಲಿ ಗೋಧಿಗೂ ರೋಗಕ್ಕೂ ಇರುವ ಸಂಬಂಧವನ್ನು ವಿವರಿಸಿದನು.

ಕಣಕಕ್ಕೆ ಜಿಗುಟನ್ನು ಕೊಡುವ ಗ್ಲೂಟೆನ್ ಎಂಬ ಪ್ರೋಟೀನೇ ಇದಕ್ಕೆ ಕಾರಣ. ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿಯೂ ಇದರ ಬಂಧುಗಳಿವೆ. ನಮ್ಮ ಜೀರ್ಣರಸಗಳು ಗ್ಲೂಟೆನ್ನನ್ನು ಪೂರ್ತಿಯಾಗಿ ಒಡೆಯಲಾರವು. 33 ಅಮೈನೋ ಆಮ್ಲಗಳ ಒಂದು ತುಣುಕಂತೂ ಹಾಗೆಯೇ ಉಳಿಯುತ್ತದೆ. ಆನುವಂಶಿಕವಾಗಿ ಒಳಗಾಗಬಲ್ಲವರಲ್ಲಿ ದೇಹದ ರಕ್ಷಣಾವ್ಯವಸ್ಥೆಯು ಇಂತಹ ತುಣುಕುಗಳನ್ನು ಶತ್ರುವೆಂದು ಬಗೆದು ಹೋರಾಡುತ್ತದೆ. ಆ ಹೋರಾಟದಲ್ಲಿ, ಆಹಾರವನ್ನು ಹೀರುವ ಸಣ್ಣ ಕರುಳಿನ ಬೆರಳಿನಂತಹ ಅಂಕುರಗಳು ಸವೆದುಹೋಗುತ್ತವೆ. ರಕ್ತಹೀನತೆ, ಭೇದಿ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ ಇವೆಲ್ಲ ಅದರ ಫಲ.

ಹುಳಿಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಗಳೂ ಹಿಟ್ಟಿನ ಕಿಣ್ವಗಳೂ ಗ್ಲೂಟೆನ್ನನ್ನು ಸ್ವಲ್ಪಮಟ್ಟಿಗೆ ಒಡೆಯುವುದು ನಿಜ. ಆದರೆ 'ಸ್ವಲ್ಪ' ಸಾಲದು. ಒಂದು ಕಿಲೋ ಗೋಧಿ ಹಿಟ್ಟಿನಲ್ಲಿ ಸುಮಾರು 80,000 ಮಿಲಿಗ್ರಾಂ ಗ್ಲೂಟೆನ್ ಇದೆ. ಗ್ಲೂಟೆನ್‌ರಹಿತವೆನ್ನಲು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಕೂಡದು. ಎಂದರೆ 4,000 ಪಾಲಿನಲ್ಲಿ ಒಂದೇ ಪಾಲು ಉಳಿಯಬೇಕು!

2011ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗವೊಂದು ಬೋಧಪ್ರದವಾಗಿದೆ. ಆಯ್ದ ಬ್ಯಾಕ್ಟೀರಿಯಗಳೊಡನೆ ಬೂಷ್ಟಿನಿಂದ ಪಡೆದ ಕಿಣ್ವಗಳನ್ನೂ ಸೇರಿಸಿ, ಕಿಲೋವಿಗೆ 8 ಮಿಲಿಗ್ರಾಮಿಗೆ ಇಳಿಸಿದ ಹಿಟ್ಟಿನ ತಿನಿಸನ್ನು 60 ದಿನ ತಿಂದ ಐವರು ರೋಗಿಗಳಿಗೆ ಕೆಡುಕಾಗಲಿಲ್ಲ. 2,480 ಮಿಲಿಗ್ರಾಂ ಉಳಿದಿದ್ದ ಹಿಟ್ಟಿನದನ್ನು ತಿಂದ ಇಬ್ಬರೂ ಯಾವ ತೊಂದರೆಯನ್ನೂ ಹೇಳಲಿಲ್ಲ. ಆದರೆ ಅವರ ಕರುಳಿನ ಅಂಕುರಗಳು ಸವೆದಿದ್ದವು. ಹೊಟ್ಟೆ ನೋಯಲಿಲ್ಲವೆಂಬುದು ನಿರಪಾಯಕ್ಕೆ ಸಾಕ್ಷಿಯಲ್ಲ. ಬೇಕರಿಯ ಅಥವಾ ಮನೆಯ ಹುಳಿಬ್ರೆಡ್ಡು ಇಂತಹ ಸಂಸ್ಕಾರವನ್ನು ಪಡೆದುದಲ್ಲ. ಆದುದರಿಂದ ಅದು ರೋಗಿಗೆ ವರ್ಜ್ಯ.

ಅಕ್ಕಿ, ಉದ್ದಿನ ಇಡ್ಲಿ ಅವನಿಗೆ ಹಿತವಾಗುವುದು ಹುಳಿಯಿಂದಲ್ಲ. ಆ ಕಾಳುಗಳಲ್ಲಿ ಗ್ಲೂಟೆನ್ ಇಲ್ಲದಿರುವುದರಿಂದ. ಜೋಳ, ರಾಗಿ, ನವಣೆಗಳಿಗೂ ಇದೇ ಮಾತು. ರವೆ ಇಡ್ಲಿ ಮಾತ್ರ ಗೋಧಿಯದೇ! ಅಂಗಡಿಯ ಇಂಗಿಗೂ ಅನೇಕ ವೇಳೆ ಗೋಧಿಯ ಹಿಟ್ಟನ್ನು ಬೆರೆಸಿರುತ್ತಾರೆ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳವನ್ನು ಬೀಸಿ, ಕಿಲೋವಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಬೆರೆತರೂ ಮಿತಿ ತುಂಬಿತು.

ನಮ್ಮಲ್ಲಿ ಈ ರೋಗವೆಲ್ಲಿ ಎನ್ನಬಹುದು. 2016ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಉತ್ತರ ಭಾರತದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಮಂದಿಯ ರಕ್ತದಲ್ಲಿ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳಿದ್ದವು. ಆನುವಂಶಿಕ ಒಲವು ಎರಡೂ ಕಡೆ ಹೆಚ್ಚು ಕಡಿಮೆ ಸಮಾನ; ಗೋಧಿಯ ಬಳಕೆಯಲ್ಲಿ ಮಾತ್ರ ಅಜಗಜಾಂತರ. ವಿರಳವಾದ ರೋಗ ವೈದ್ಯರ ಕಣ್ಣಿಗೂ ತಪ್ಪಬಹುದು. ಸಂಶಯ ಬಂದವರು ಗೋಧಿಯನ್ನು ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ರೋಗದ ಕುರುಹು ಮರೆಯಾಗಬಹುದು. ರೋಗ ಖಚಿತವಾದರೆ ಗೋಧಿಯನ್ನು ಹುಳಿಸಿ ಫಲವಿಲ್ಲ, ಧಾನ್ಯವನ್ನೇ ಬದಲಿಸಬೇಕು. ಆ ಧಾನ್ಯವಾದರೋ ಬಿ.ಜಿ. ಕೆರೆಯ ಸೀಮೆಯ ಹೊಲಗಳಿಗೆ ಹಳೆಯ ಪರಿಚಯದ್ದೇ.