ಕನ್ನಡದ ಮೊಳೆಗಳು: ಶ್ರೀರಾಮಪುರದಿಂದ ಜಾಲಪುಟಕ್ಕೆ

ಕೋಲ್ಕತ್ತದಿಂದ ಹೂಗ್ಲಿ ನದಿಯ ಗುಂಟ ಉತ್ತರಕ್ಕೆ ಸಾಗಿದರೆ ಶ್ರೀರಾಮಪುರ ದೊರೆಯುತ್ತದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾದುದು ಅಲ್ಲಿಯ ಮಿಷನ್ ಅಚ್ಚುಕೂಟದಲ್ಲಿ. ಭಾರತದ ಹಲವು ಲಿಪಿಗಳಿಗೆ ಮೊಳೆಗಳನ್ನು ಸಿದ್ಧಪಡಿಸಿದ ಆ ಕೂಟದ ಕಮ್ಮಟಕ್ಕೆ ತಳಹದಿ ಹಾಕಿದವನು ಪಂಚಾನನ ಕರ್ಮಕಾರ.

ಅಂದಿನ ಮೊಳೆ ಅಚ್ಚುಕೂಟದಲ್ಲಿಯೇ ಉಳಿಯುತ್ತಿತ್ತು. ಓದುಗನ ಕೈಸೇರುತ್ತಿದ್ದುದು ಅಚ್ಚಾದ ಹಾಳೆ ಮಾತ್ರ. ಇಂದು ಕೋಲ್ಕತ್ತದಲ್ಲಿ ನೆಲಸಿದ ಕನ್ನಡಿಗನು ಸ್ವಂತ ಜಾಲತಾಣವನ್ನು ತೆರೆದು ಲೇಖನವನ್ನು ಪ್ರಕಟಿಸಿದರೆ ಈ ಕ್ರಮವು ತಲೆಕೆಳಗಾಗುತ್ತದೆ. ತಾನು ಮೆಚ್ಚಿದ ಅಕ್ಷರರೂಪವೇ ಕಾಣಬೇಕೆಂದಾದರೆ ಬರಹದೊಡನೆ ಮೊಳೆಗಳ ಪೆಟ್ಟಿಗೆಯನ್ನೂ, ಎಂದರೆ ಫಾಂಟ್ ಕಡತವನ್ನೂ, ಪ್ರತಿಯೊಬ್ಬ ಓದುಗನಿಗೆ ಕಳುಹಿಸಬೇಕು.

ಕನ್ನಡದ ಪೆಟ್ಟಿಗೆಯು ಭಾರವಾಗಲು ಕಾರಣವುಂಟು. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು 128 ಮಾತ್ರ. ಗುಣಿತಾಕ್ಷರ ಒತ್ತಕ್ಷರಗಳ ಆಕೃತಿಗಳಾದರೋ ಇದನ್ನು ಬಹುವಾಗಿ ಮೀರುತ್ತವೆ. ಆ ಆಕೃತಿಗಳೂ ಅವನ್ನು ಜೋಡಿಸುವ ನಿಯಮಗಳೂ ಕಡತದೊಳಗೆಯೇ ಅಡಗಿವೆ. ವೋಫ್-2 ಎಂಬ ಸಂಕುಚಿತ ರೂಪದಲ್ಲಿ ಕಳುಹಿಸಿದರೆ ಗಾತ್ರವು ಸಾಕಷ್ಟು ಇಳಿಯುತ್ತದೆ. ಇನ್ನೂ ಇಳಿಸಲೆಂದು ಬೇಡದ ಅಕ್ಷರಗಳನ್ನು ಕತ್ತರಿಸುವ ಪದ್ಧತಿಯಿದೆ. ರೋಮನ್ ಲಿಪಿಗೆ ಒಗ್ಗಿದ ಈ ಕತ್ತರಿಯನ್ನು ಕನ್ನಡದ ಮೇಲೆ ಹಾಗೆಯೇ ಆಡಿಸಿದರೆ ಅನರ್ಥ ತಪ್ಪದು. ಜೋಡಣೆಯ ನಿಯಮಗಳು ಕಳೆದುಹೋದರೆ ‘ರಾಷ್ಟ್ರ’ವು ‘ರಾಷ್‌ಟ್‌ರ’ ಎಂದು ಒಡೆಯುತ್ತದೆ. ಕಣ್ಣಿಗೆ ಕಾಣದ ಎರಡು ಜೋಡಣಾ ಚಿಹ್ನೆಗಳು ಕನ್ನಡದ 128 ಸ್ಥಾನಗಳ ಹೊರಗಿವೆ. ಅವನ್ನು ಮರೆತರೆ ‘ರ‍್ಯಾಂಕ್’ ಎಂಬಲ್ಲಿ ಯಕಾರದ ಒತ್ತು ತಪ್ಪಿ ಅರ್ಕಾವತ್ತು ಬಂದು ಕೂರಬಹುದು.

ಬಂಗಾಳದಲ್ಲಿ ಬರೆಯುವವನಿಗೆ ಇನ್ನೊಂದು ಸೂಕ್ಷ್ಮವುಂಟು. ಅವನ ಪುಟದಲ್ಲಿ ಕನ್ನಡದ ನಡುವೆ ಬಂಗಾಳಿ ಹೆಸರುಗಳು ಸುಳಿಯುವುದು ಸಹಜ. ಯಾವ ಅಕ್ಷರಕ್ಕೆ ಯಾವ ಕಡತವೆಂಬುದನ್ನು ‘ಯೂನಿಕೋಡ್-ರೇಂಜ್’ ಸೂಚನೆಯಿಂದ ಹಂಚಿಟ್ಟರೆ, ಬಂಗಾಳಿಯಿಲ್ಲದ ಪುಟಕ್ಕೆ ಬಂಗಾಳಿ ಕಡತವು ಇಳಿಯುವುದೇ ಇಲ್ಲ. ಆದರೆ ಪದ್ಯಗಳಲ್ಲಿ ಬರುವ ದಂಡವು ದೇವನಾಗರಿಯ ವಿಭಾಗದಲ್ಲಿದ್ದು ಹಲವು ಲಿಪಿಗಳಿಗೆ ಸಮಾನವಾದುದು. ಅದನ್ನು ಬಂಗಾಳಿಯ ಪಾಲಿಗೆ ಮಾತ್ರ ಬರೆದಿಟ್ಟರೆ, ಕನ್ನಡ ಪದ್ಯವೊಂದರ ದಂಡಕ್ಕಾಗಿ ಬಂಗಾಳಿಯ ಇಡೀ ಪೆಟ್ಟಿಗೆ ಹೊರಟುಬರುತ್ತದೆ. ಕಡ್ಡಿಯೊಂದಕ್ಕಾಗಿ ಕಾಡನ್ನೇ ಹೊತ್ತು ತಂದಂತೆ!

ಕಡತ ಬಂದು ಸೇರುವವರೆಗೆ ಓದುಗನಿಗೆ ಏನು ಕಾಣಬೇಕು? ಯಾವ ಸೂಚನೆಯೂ ಇಲ್ಲದಿದ್ದರೆ ಬಹುತೇಕ ಬ್ರೌಸರುಗಳು ಸುಮಾರು 3 ಸೆಕೆಂಡುಗಳವರೆಗೆ ಅಕ್ಷರಗಳ ಜಾಗವನ್ನು ಬರಿದಾಗಿ ಇಡುತ್ತವೆ. ‘ಫಾಂಟ್-ಡಿಸ್‌ಪ್ಲೇ’ ಎಂಬುದಕ್ಕೆ ‘ಸ್ವಾಪ್’ ಎಂದು ಬರೆದರೆ, ವಿಂಡೋಸಿನ ನಿರ್ಮಲಾ ಅಥವಾ ಆಂಡ್ರಾಯ್ಡಿನ ನೋಟೊ, ಹೀಗೆ ಓದುಗನ ಯಂತ್ರದಲ್ಲಿಯೇ ಇರುವ ಫಾಂಟು ಬರಹವನ್ನು ಒಡನೆ ತೋರುತ್ತದೆ. ಕಳುಹಿಸಿದ ರೂಪವು ಬಳಿಕ ಅದರ ಸ್ಥಾನಕ್ಕೆ ಬರುತ್ತದೆ. ಆಗ ಸಾಲುಗಳು ಜಿಗಿಯದಂತೆ ಎರಡು ಫಾಂಟುಗಳ ಅಳತೆಯನ್ನು ‘ಸೈಜ್-ಅಡ್ಜಸ್ಟ್’ ಸೂಚನೆಯಿಂದ ಸರಿಹೊಂದಿಸಬಹುದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಈ ಸೌಕರ್ಯವಿರಲಿಲ್ಲ. ರೋಮನ್ ಸಂಕೇತಗಳ ಮೇಲೆ ಕನ್ನಡದ ಆಕೃತಿಗಳನ್ನು ಹೊದಿಸುತ್ತಿದ್ದ ಆ ಕಾಲದಲ್ಲಿ, ತಕ್ಕ ಫಾಂಟಿಲ್ಲದ ಯಂತ್ರಕ್ಕೆ ತಲಪಿದ ಕನ್ನಡ ಕಾಗದವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ನಾಡಿನ ಹೊರಗಿದ್ದವರಿಗೆ ಇದರ ಕಷ್ಟ ಹೆಚ್ಚೆಂದರೆ ತಪ್ಪಾಗದು. ಇಂದು ಬರಹವು ಫಾಂಟಿನ ಹಂಗನ್ನು ಕಳಚಿಕೊಂಡಿದೆ. ಹೀಗಿರುತ್ತ, ಅಲಂಕಾರದ ಕಡತವೊಂದು ಬರಲಿಲ್ಲವೆಂದು ಓದುಗನನ್ನು ಖಾಲಿ ಪುಟದ ಮುಂದೆ ಕೂರಿಸುವುದು ನ್ಯಾಯವಲ್ಲ.

ವಿನ್ಯಾಸದ ವಿಷಯದಲ್ಲಿ ರೋಮನ್ ಲಿಪಿಯ ಅಳತೆ ಕನ್ನಡಕ್ಕೆ ಸಲ್ಲದು. ಅಕ್ಷರದ ಎತ್ತರದ 1.2ರಷ್ಟು ಸಾಲಂತರವಿಟ್ಟರೆ ‘ಸ್ತ್ರೀ’ ಎಂಬುದರ ಒತ್ತುಗಳು ಕೆಳಗಿನ ಸಾಲಿನ ಗುಡಿಸನ್ನು ತಾಗಬಹುದು, 1.6ರಿಂದ 1.8 ಹಿತವಾದುದು. ದಪ್ಪ ಅಚ್ಚಿಲ್ಲದ ಫಾಂಟನ್ನು ಬ್ರೌಸರ್ ತಾನಾಗಿ ದಪ್ಪಗೊಳಿಸಿದರೆ ಅಕ್ಷರದೊಳಗಿನ ಬಯಲು ಮುಚ್ಚಿಹೋಗುತ್ತದೆ. ಅದನ್ನು ‘ಫಾಂಟ್-ಸಿಂಥೆಸಿಸ್’ ಸೂಚನೆಯಿಂದ ತಡೆಯಬೇಕು. ಸಣ್ಣ ತಾಣವೊಂದಕ್ಕೆ ಬಹುಶಃ ಇಷ್ಟು ಸಾಕು: ಲೇಖನದ ಮೈಗೆ ಓದುಗನ ಯಂತ್ರದ ಫಾಂಟು, ಶೀರ್ಷಿಕೆಗೆ ಮಾತ್ರ ಕಳುಹಿಸಿದ ಮೊಳೆ.